ಆಪಾ, ಮೊಣಕೈ ನೆನೆದಿತ್ತಾ?

ವಿಜಯವಾಡದ ನಮ್ಮ ವಠಾರದಲ್ಲಿ ಆರು ಮನೆಗೆ ಒಂದೇ ನಲ್ಲಿ. ಬೆಳಿಗ್ಗೆ ಐದಕ್ಕೆ ನೀರು ಬಂದರೆ ಆರೂವರೆಗೆ ಬಂದ್. ಆ ಹೊತ್ತಿನಲ್ಲಿ ಒಬ್ಬನೇ ಅರ್ಧ ಗಂಟೆ ನಲ್ಲಿ ಹಿಡಿದು ಕೂತರೆ ಯಾರಿಗೆ ತಾನೇ ಸಿಟ್ಟು ಬರುವುದಿಲ್ಲ?

"ಖಾಸಿಂಬೀ, ನಿಮ್ಮ ತಮ್ಮನಿಗೆ ಇಡೀ ಕೃಷ್ಣಾ ನದಿ ತಂದು ಸುರಿದರೂ ಸಾಲದಮ್ಮಾ!" ಅಂತ ಪಕ್ಕದ ಮನೆ ಲಕ್ಷ್ಮೀಕಾಂತಮ್ಮ ಬಿಂದಿಗೆ ಕುಕ್ಕಿದರು.

"ನಮಾಜಿಗೆ ತೊಳೀತಾನೆ. ನಿಮ್ಮ ಹಾಗೆ ಹರಟೆಗೆ ಕೂತಿಲ್ಲ" ಅಂದೆ. ನನ್ನ ಬಾಯಿಯೇ ಹಾಗೆ. ಒಳಗೊಳಗೆ ನನಗೂ ಸಾಕಾಗಿತ್ತು.

ತಮ್ಮ ಖಾಜಾವಲಿ ಆಟೋನಗರದಲ್ಲಿ ಲೇತ್ ಕೆಲಸಗಾರ. ಸಿರುಗುಪ್ಪದ ಕಡೆಯ ನಮ್ಮ ಹಳ್ಳಿಯಿಂದ ಏನೂ ಗೊತ್ತಿಲ್ಲದೆ ಬಂದವನು. ಈಗ ಗುಡಿವಾಡದ ಲಾರಿ ಮಾಲೀಕರು ಶಾಫ್ಟ್ ಹೊತ್ತು ತಂದು, ಖಾಜಾನೇ ಲೇತಿನಲ್ಲಿ ತಿರುವಿ ಅಳತೆಗೆ ಹೆರೆಯಬೇಕು ಅಂತ ಕಾಯುತ್ತಾರೆ. ಕೂದಲೆಳೆಯಷ್ಟೂ ತಪ್ಪುವುದಿಲ್ಲ. ಅಂಥವನು ವಜೂ ಮಾಡಲು ಕೂತರೆ ಏಳುತ್ತಲೇ ಇರಲಿಲ್ಲ.

ವಜೂ ಅಂದರೆ ನಮಾಜಿಗೆ ಮುಂಚೆ ಮುಖ, ಕೈ, ಕಾಲು ತೊಳೆದು ಶುದ್ಧವಾಗುವುದು. ಐದು ನಿಮಿಷದ ಕೆಲಸ. ಇವನು ಮೊಣಕೈ ಇಪ್ಪತ್ತು ಸಲ ತೊಳೆದು, "ಆಪಾ, ಮೊಣಕೈ ನೆನೆದಿತ್ತಾ? ನೀನು ನೋಡಿದೆಯಾ?" ಅನ್ನುವನು.

"ನೆನೆದಿತ್ತಲೇ."

ಬಾಗಿಲ ತನಕ ಹೋಗಿ ವಾಪಸ್ಸು. "ಖರೇನಾ?"

"ಖರೇನೇ."

ಮತ್ತೆ ನಲ್ಲಿ ಮುಂದೆ ಕೂರುವನು. ಸಾಕ್ಷಿ ಹೇಳಲೆಂದೇ ನಾನು ಒಲೆ ಬಿಟ್ಟು ಬಂದು ನಿಲ್ಲುತ್ತಿದ್ದೆ. ಎಲ್ಲರ ಜೊತೆ ಮಾಡುವ ಜಮಾತು ಮುಗಿದ ಮೇಲೆ ಮಸೀದಿ ಮುಟ್ಟುತ್ತಿದ್ದ. ಅಲ್ಲಿ ಎಷ್ಟು ರಕಾತ್, ಅಂದರೆ ನಮಾಜಿನ ಸುತ್ತು, ಆಯಿತೋ ಅನ್ನುವ ಅನುಮಾನ, ಮತ್ತೆ ಮೊದಲಿನಿಂದ. ಕೈಯ ಚರ್ಮ ಬಿರಿದು ರಕ್ತ ಒಸರುತ್ತಿತ್ತು.

ತೊಂಬತ್ತೈದರ ನವೆಂಬರು. ರಂಜಾನಿಗೆ ಎರಡು ತಿಂಗಳಿತ್ತು. ಒಂದು ದಿನ ಟೋಪಿ ತೆಗೆದು ಗೂಟಕ್ಕೆ ಹಾಕಿದ. "ಆಪಾ, ಇನ್ನು ನಮಾಜು ಬಿಟ್ಟೆ. ನಾನು ಮಾಡಿದ್ದು ಯಾವುದೂ ಅಲ್ಲಾಹನಿಗೆ ಮುಟ್ಟಂಗಿಲ್ಲ. ನನ್ನೊಳಗೇ ಏನೋ ಕೊಳೆ ಐತಿ."

ನನ್ನ ಸಿಟ್ಟು ನೆತ್ತಿಗೇರಿತು. ಏಳು ವರ್ಷದಿಂದ ಒಂದು ಹೊತ್ತೂ ತಪ್ಪಿಸದವನು! ರಟ್ಟೆ ಹಿಡಿದು ಇಮಾಮ್ ಹಜರತ್ ಮನೆಗೆ ಎಳೆದುಕೊಂಡು ಹೋದೆ.

ಹಜರತ್ ಪೂರ್ತಿ ಕೇಳಿದರು. "ಮಗಾ, ಇದು ಪಾಪ ಅಲ್ಲ. ಇದಕ್ಕೆ ವಸ್ವಸಾ ಅಂತಾರೆ, ಮನಸ್ಸಿಗೆ ನುಗ್ಗೋ ಪೊಳ್ಳು ಅನುಮಾನ. ಶಾಫ್ಟ್ ಎಷ್ಟು ಸಲ ಅಳೀತೀಯ?"

"ಎರಡು ಸಲ, ಹಜರತ್."

"ಅಳತೆ ಸರಿ ಬಂದ ಮೇಲೂ ಇನ್ನೊಂದು ಸಲ ತಿರುವಿದರೆ?"

"ಮಾಲು ಹಾಳು. ಸಣ್ಣಗಾದದ್ದು ಮತ್ತೆ ದಪ್ಪ ಆಗಲ್ಲ. ಆದರೆ ಅಲ್ಲಿ ಅಳತೆಯ ವರ್ನಿಯರ್ ಪಟ್ಟಿ ಹೇಳುತ್ತೆ. ಇಲ್ಲಿ ಯಾರು ಹೇಳ್ತಾರೆ?"

"ಇಲ್ಲಿ ನಿಯಮ ಹೇಳುತ್ತೆ. ಮೂರು ಸಲ ತೊಳೆದೆಯಾ? ಮುಗೀತು, ಏಳು. ವಜೂ ಮಾಡಿದ್ದು ಖಚಿತ, ಹೋಯಿತೇನೋ ಅನ್ನೋದು ಬರೀ ಅನುಮಾನ. ಅನುಮಾನಕ್ಕೆ ವಜೂ ಮುರಿಯಲ್ಲ. ರಕಾತ್ ಮರೆತರೆ ಮನಸ್ಸು ಬಲವಾಗಿ ಹೇಳಿದ ಲೆಕ್ಕ ಹಿಡಿ. ಏನೂ ತೋಚದಿದ್ದರೆ ಕಡಿಮೆ ಲೆಕ್ಕ ಹಿಡಿದು ಮುಗಿಸು, ಕೊನೆಗೆ ಹಣೆ ನೆಲಕ್ಕಿಟ್ಟು ಮರೆವಿನ ಎರಡು ಸಜ್ದಾ ಮಾಡು. ಮೊದಲಿನಿಂದ ಶುರು ಮಾಡಬೇಡ."

ಆಮೇಲೆ ಅವನ ಕೈ ತಿರುಗಿಸಿ ನೋಡಿದರು. "ಧರ್ಮದ ಮಾತು ನಾನು ಹೇಳಿದೆ. ರಕ್ತ ಬರೋ ಹಾಗೆ ತೊಳೆಸೋದು ಕಾಯಿಲೆ. ದೊಡ್ಡಾಸ್ಪತ್ರೆಯಲ್ಲಿ ಮನಸ್ಸಿನ ಡಾಕ್ಟರು ಇದ್ದಾರೆ. ಹೋಗು."

"ನನಗೇನು ಹುಚ್ಚಾ ಹಜರತ್?"

"ನನಗೆ ಸಕ್ಕರೆ ಕಾಯಿಲೆ. ಮಾತ್ರೆ ನುಂಗಿಯೇ ನಮಾಜು ಮಾಡಿಸ್ತೀನಿ. ನನ್ನ ಹಿಂದೆ ನಿಲ್ಲೋಕೆ ನಿನಗೆ ನಾಚಿಕೆಯಾ?"

ಖಾಜಾ ಒಪ್ಪಿಕೊಂಡ. ಮರುದಿನವೇ ಹೋದೆವು.

ಡಾಕ್ಟರ್ ಸುಮಿತ್ರಾ ಅವನಿಗೆ ಮಾತ್ರೆ ಬರೆದು ನನ್ನ ಕಡೆ ತಿರುಗಿದರು. "ನೆನೆದಿತ್ತು ಅಂತ ದಿನಕ್ಕೆ ಎಷ್ಟು ಸಲ ಹೇಳ್ತೀರಮ್ಮಾ?"

"ಕೇಳಿದಷ್ಟು ಸಲ."

"ಅಲ್ಲೇ ತಪ್ಪಿದ್ದೀರಿ. ನಿಮ್ಮ ಸಮಾಧಾನ ಎರಡು ನಿಮಿಷ ಇರುತ್ತೆ. ಆಮೇಲೆ ಅನುಮಾನ ಇನ್ನೂ ಹಸಿದುಕೊಂಡು ಬರುತ್ತೆ. ಇವತ್ತಿನಿಂದ ಉತ್ತರ ಕೊಡಬೇಡಿ. ಬೈಯಲೂ ಬೇಡಿ."

"ಬೈಯದೆ ಇರೋದು ಕಷ್ಟ ಮೇಡಂ" ಅಂದೆ. ತಿಂಗಳುಗಟ್ಟಲೆ ನಗದ ಖಾಜಾ ಕಿಸಕ್ಕೆಂದ.

ಹೇಳುವುದು ಸುಲಭ. ಮೊದಲ ವಾರ ಅವನು ಅಂಗಲಾಚಿದ. "ಒಂದೇ ಒಂದು ಸಲ ಹೇಳು ಆಪಾ!" ನಾನು ಸೆರಗು ಕಚ್ಚಿಕೊಂಡು ನಿಂತೆ. "ನೀನು ನನ್ನ ಅಕ್ಕನೇ ಅಲ್ಲ" ಅಂದ. ಅದನ್ನೂ ನುಂಗಿದೆ. ಮಾತ್ರೆ ಹಿಡಿಯಲು ಒಂದು ತಿಂಗಳು ಬೇಕಾಯಿತು. ಇಪ್ಪತ್ತು ಸಲ ಹತ್ತಾಯಿತು, ಆರಾಯಿತು.

ರಂಜಾನಿನ ಮೊದಲ ಬೆಳಗು. ಖಾಜಾ ಮೂರು ಸಲ ತೊಳೆದು ನಲ್ಲಿ ತಿರುಗಿಸಿ ಎದ್ದ. ನನ್ನ ಮುಖ ನೋಡಿದ. ಬಾಯಿ ತೆರೆದ. ಮುಚ್ಚಿದ. ಗೂಟದ ಟೋಪಿ ತೆಗೆದು ಹಾಕಿಕೊಂಡು ನಡೆದೇಬಿಟ್ಟ.

ಬಂದವನು ಹೇಳಿದ: "ಮೊದಲನೇ ಸಾಲಿನಲ್ಲಿ ನಿಂತಿದ್ದೆ ಆಪಾ. ಅನುಮಾನ ಬಂತು. ಬಂದರೆ ಬರಲಿ ಅಂತ ನಮಾಜು ಮುಗಿಸಿದೆ."

ನನ್ನ ಎದೆ ಎಷ್ಟು ಉಬ್ಬಿತು ಅಂದರೆ, ಆರು ಮನೆಯ ಬಾಗಿಲಿಗೂ ಹೋಗಿ ಹೇಳಿ ಬಂದೆ. ಹೇಳದೆ ಇರಲು ನನಗೇನು ನಾಚಿಕೆ? ನನ್ನ ತಮ್ಮ ಗೆದ್ದಿದ್ದಾನೆ.

ಓದುತ್ತಿರುವ ಅಕ್ಕತಂಗಿಯರೇ, ಅಣ್ಣತಮ್ಮಂದಿರೇ, ನಿಮ್ಮ ಮನೆಯಲ್ಲಿ ಹೀಗೆ ತೊಳೆದು ತೊಳೆದು ಬಳಲುವವರು ಇದ್ದರೆ ಭಾರಿ ಭಕ್ತಿ ಅಂತ ಹೊಗಳಬೇಡಿ, ಹುಚ್ಚು ಅಂತ ಹಂಗಿಸಬೇಡಿ. ಗೊತ್ತಿರುವ ಇಮಾಮರನ್ನು ಕೇಳಿ, ಡಾಕ್ಟರ ಹತ್ತಿರ ಕರೆದುಕೊಂಡು ಹೋಗಿ, ಸಾಕ್ಷಿ ಹೇಳುವುದನ್ನು ನಿಲ್ಲಿಸಿ. ಕಷ್ಟ ನಿಮ್ಮದೇ ಆಗಿದ್ದರೆ, ಮೂರು ಸಲ ತೊಳೆದು ಎದ್ದುಬಿಡಿ. ಮನಸ್ಸು ಕೂಗಿಕೊಳ್ಳಲಿ. ಸಾಲಿನಲ್ಲಿ ನಿಮ್ಮ ಜಾಗ ಇದೆ, ಹೋಗಿ ನಿಲ್ಲಿ.