ಸತ್ತ ರಾಜನ ತೇಗು

ನಾಟಕ ಮಂಡಳಿಯಲ್ಲಿ ಅವನಿಗೆ ತೇಗರಾಯ ಎಂದೇ ಹೆಸರು. ಹಾಸ್ಯದ ಪಾತ್ರದಲ್ಲಿ ಹೊಟ್ಟೆ ಸವರಿಕೊಂಡು ಒಂದು ತೇಗು ಬಿಟ್ಟನೆಂದರೆ ಕಡೆಯ ಸಾಲಿನವರೂ ಬಿದ್ದು ಬಿದ್ದು ನಗುತ್ತಿದ್ದರು. ಬೇಕೆಂದಾಗ ಗಾಳಿ ನುಂಗಿ ಬೇಕೆಂದಾಗ ತೇಗುವ ಆ ವಿದ್ಯೆಯೇ ಅವನಿಗೆ ಇಷ್ಟು ವರ್ಷ ಅನ್ನ ಹಾಕಿತ್ತು. ಆದರೆ ಮನುಷ್ಯನಿಗೆ ಒಂದು ಆಸೆ ಇರಬಾರದೇ? ಒಮ್ಮೆಯಾದರೂ ಜನರನ್ನು ಅಳಿಸಬೇಕು. ಅದರಲ್ಲೂ ಮಂಡಳಿಯ ಉಡುಪು ನೋಡಿಕೊಳ್ಳುತ್ತ, ಪರದೆಯ ಮರೆಯಲ್ಲಿ ನಿಂತು ತನ್ನನ್ನು ನೋಡಿ ಸದಾ ನಗುತ್ತಿದ್ದ ಹೆಂಡತಿಯನ್ನು ಅಳಿಸಬೇಕು ಎಂದು ಅವನಿಗೆ ಬಹಳ ಆಸೆ.

ಕೊನೆಗೂ ಮುದಿರಾಜನ ಪಾತ್ರ ಸಿಕ್ಕಿತು. ಕಡೆಯ ಅಂಕದಲ್ಲಿ ರಾಜ ಸಾಯುತ್ತಾನೆ, ಮಗಳು ಪಕ್ಕದಲ್ಲಿ ಕುಸಿದು ಅಳುತ್ತಾಳೆ. ಸರಿಯಾಗಿ ತಾಲೀಮು ಶುರುವಾಗುವ ಹೊತ್ತಿಗೆ ತೇಗರಾಯನ ಹೊಟ್ಟೆ ಕೈಕೊಟ್ಟಿತು. ಮೇಲ್ಹೊಟ್ಟೆಯಲ್ಲಿ ಹಿಡಿದುಕೊಂಡಂಥ ನೋವು, ಉಬ್ಬರ, ಮೇಲಿಂದ ಮೇಲೆ ತೇಗು. ತಾಲೀಮಿನಲ್ಲಿ ರಾಜಕುಮಾರಿ, "ಅಪ್ಪಾ, ಒಂದೇ ಒಂದು ಮಾತಾಡಿ," ಎಂದು ಗೋಳಿಟ್ಟಾಗ ಸತ್ತ ರಾಜ ಡರ್ರನೆ ತೇಗಿಯೇಬಿಟ್ಟ. ಸೈನಿಕರು ಈಟಿ ಬಿಸಾಕಿ ನಕ್ಕರು. ನಿರ್ದೇಶಕ ಮಾತ್ರ ನಗಲಿಲ್ಲ.

"ಇನ್ನೊಂದು ವಾರ ಇದೆ. ಅಷ್ಟರಲ್ಲಿ ಇದು ನಿಲ್ಲದಿದ್ರೆ ರಾಜನ ಪಾತ್ರ ಬೇರೆಯವರಿಗೆ," ಎಂದ. "ನೀವು ಮತ್ತೆ ವಿದೂಷಕನ ಪಾತ್ರಕ್ಕೆ."

ಹೆಂಡತಿ ಅವನನ್ನು ಎಳೆದುಕೊಂಡು ಆಸ್ಪತ್ರೆಗೆ ಹೋದಳು. ಡಾಕ್ಟರಮ್ಮ ಹೊಟ್ಟೆ ಒತ್ತಿ ನೋಡಿ, ತೂಕ ಇಳಿದಿದೆಯೇ, ವಾಂತಿಯಾಗುತ್ತದೆಯೇ, ಮಲ ಕಪ್ಪಗಿದೆಯೇ, ನುಂಗಲು ಕಷ್ಟವೇ, ನಡೆದಾಗ ಎದೆ ಬಿಗಿಯುತ್ತದೆಯೇ ಎಂದೆಲ್ಲ ವಿಚಾರಿಸಿದರು. ಯಾವುದೂ ಇರಲಿಲ್ಲ.

"ಸದ್ಯಕ್ಕೆ ಹೆದರೋ ಅಂಥದ್ದೇನೂ ಕಾಣ್ತಿಲ್ಲ. ಸೋಡಾ ಬಿಡಿ. ನಿಧಾನಕ್ಕೆ ಅಗಿದು ತಿನ್ನಿ, ತಿಂದ ಕೂಡಲೇ ಮಲಗಬೇಡಿ. ನೋವು ಜಾಸ್ತಿಯಾದ್ರೆ ತಕ್ಷಣ ಬನ್ನಿ," ಎಂದರು.

ನೋವು ತುಸು ಇಳಿಯಿತು. ತೇಗು ಮಾತ್ರ ಜಪ್ಪಯ್ಯ ಎಂದರೂ ಬಿಡಲಿಲ್ಲ. ಮರುದಿನ ಹೆಂಡತಿ ರಾಜನ ನಿಲುವಂಗಿಗೆ ಗುಂಡಿ ಹೊಲಿಯುತ್ತಿದ್ದಳು. ಎದುರಿಗೆ ಕುರ್ಚಿಯಲ್ಲಿ ಕೂತಿದ್ದ ತೇಗರಾಯ, "ಇದೊಂದು ಹೊರಗೆ ಬಂದ್ರೆ ಹಗುರಾಗುತ್ತೆ ಕಣೇ," ಎಂದು ಗದ್ದ ಎತ್ತಿ ಪ್ರಯತ್ನಪಟ್ಟು ತೇಗಿದ. ಅವಳು ಸೂಜಿ ಕೆಳಗಿಟ್ಟಳು.

"ರೀ, ಇನ್ನೊಂದ್ಸಲ ಮಾಡಿ."

ಮಾಡಿದ. ಅವಳಿಗೆ ನಗು ತಡೆಯಲಾಗಲಿಲ್ಲ.

"ಗದ್ದ ಎತ್ತಿ ಗುಟುಕ್ ಅಂತ ಗಾಳಿ ನುಂಗಿದ್ರಿ. ಸ್ಟೇಜ್ ಮೇಲೆ ಮಾಡ್ತಿದ್ದದ್ದೂ ಇದನ್ನೇ ಅಲ್ವಾ? ಒಂದು ಹೊರಗೆ ಹಾಕೋಕೆ ಎರಡು ಒಳಗೆ ತಗೋತಿದ್ದೀರಿ. ಹೊಟ್ಟೆ ಉಬ್ಬದೆ ಇನ್ನೇನಾಗುತ್ತೆ?"

ತೇಗರಾಯ ಎತ್ತಿದ್ದ ಗದ್ದವನ್ನು ಮೆಲ್ಲಗೆ ಇಳಿಸಿದ. ಅನ್ನ ಹಾಕಿದ ವಿದ್ಯೆಯೇ ಹೊಟ್ಟೆಗೆ ಶತ್ರುವಾಗಿತ್ತು. ಫೋನಿನಲ್ಲಿ ಇದನ್ನು ಕೇಳಿದ ಡಾಕ್ಟರಮ್ಮ, "ಸರಿಯಾಗಿ ಹಿಡಿದಿರಿ," ಎಂದು ನಕ್ಕು ಉಪಾಯ ಹೇಳಿಕೊಟ್ಟರು. ತೇಗು ಬರುವಂತಾದಾಗ ನಾಲಿಗೆಯ ತುದಿಯನ್ನು ಮೇಲಿನ ಹಲ್ಲಿನ ಹಿಂದೆ ಇಟ್ಟು, ಬಾಯಿ ತುಸು ತೆರೆದು, ಹೊಟ್ಟೆಯಿಂದ ನಿಧಾನಕ್ಕೆ ಉಸಿರಾಡಬೇಕು. ಬಾಯಿ ತೆರೆದಿದ್ದರೆ ಗಾಳಿ ನುಂಗುವುದು ಸುಲಭವಲ್ಲ.

ಉಳಿದ ದಿನವೆಲ್ಲ ಅದೇ ಅಭ್ಯಾಸ. ಬಾಯಿ ಬಿಟ್ಟುಕೊಂಡೇ ತರಕಾರಿ ತರಲು ಹೋದ. ಬೆಲೆ ಕೇಳಿ ದಂಗಾದನೆಂದುಕೊಂಡ ಅಂಗಡಿಯವಳು ಅಯ್ಯೋ ಪಾಪ ಎಂದು ಒಂದು ಹಿಡಿ ಸೊಪ್ಪು ಹೆಚ್ಚಿಗೆ ಹಾಕಿದಳು. ದಿನ ಕಳೆದಂತೆ ಉಬ್ಬರ ಇಳಿಯಿತು, ನೋವು ಹೇಳಹೆಸರಿಲ್ಲದೆ ಹೋಯಿತು.

ಪ್ರದರ್ಶನದ ಸಂಜೆ ರಾಜ ಸತ್ತು ಮಲಗಿದ, ಬಾಯಿ ತುಸು ತೆರೆದುಕೊಂಡು. ಮೈಮೇಲೆ ದಪ್ಪ ಶಾಲು. "ಅಪ್ಪಾ, ಒಂದೇ ಒಂದು ಮಾತಾಡಿ," ಎಂದಳು ರಾಜಕುಮಾರಿ. ಹೊಟ್ಟೆಯಲ್ಲಿ ಏನೋ ಒಂದು ಗುಳುಗುಳು ಎಂದು ಮೇಲೇಳಲು ನೋಡಿತು. ತೇಗರಾಯ ನಾಲಿಗೆಯನ್ನು ಹಲ್ಲಿನ ಹಿಂದೆ ಇಟ್ಟು, ಶಾಲಿನಡಿಯಲ್ಲಿ ಮೆಲ್ಲಗೆ ಉಸಿರಾಡಿದ. ಅದು ತಣ್ಣಗಾಯಿತು. ಸಭಾಂಗಣದಲ್ಲಿ ಪಿಟ್ಟೆಂಬ ಸದ್ದಿಲ್ಲ. ಆಮೇಲೆ ಯಾರೋ ಮೂಗು ಒರೆಸಿಕೊಂಡದ್ದು ಕೇಳಿಸಿತು, ಇನ್ನೊಬ್ಬರು ಬಿಕ್ಕಿದರು. ಸತ್ತು ಮಲಗಿದವನಿಗೆ ಸಂತೋಷದಿಂದ ಎದೆ ತುಂಬಿ ಬಂತು.

ಸೈನಿಕರು ಅವನನ್ನು ಹೊತ್ತು ಪರದೆಯ ಮರೆಗೆ ತಂದರು. ಅಲ್ಲಿ ಹೆಂಡತಿ ಯಾವುದೋ ಮಂತ್ರಿಯ ಅಂಗಿಯಲ್ಲಿ ಕಣ್ಣೊರೆಸಿಕೊಳ್ಳುತ್ತ ನಿಂತಿದ್ದಳು. ರಾಜ ಒಂದು ಕಣ್ಣು ತೆರೆದ.

"ಅಳ್ತಿದ್ದೀಯೇನೇ?"

"ಬಾಯಿ ಬಿಟ್ಕೊಂಡು ಬಿದ್ದಿದ್ದು ನೋಡಿ ನಿಜವಾಗ್ಲೂ ಹೋಗೇಬಿಟ್ರೇನೋ ಅಂತ ಜೀವ ಹಾರಿಹೋಯ್ತು ನಂಗೆ," ಎಂದು ಅವಳು ಅವನ ಕೈ ಹಿಡಿದುಕೊಂಡಳು. "ಒಂದೇ ಒಂದ್ಸಲ ತೇಗಬಾರದಿತ್ತಾ?"