ಮೆಟ್ಟಿಲ ಮೇಲಿನ ಮ್ಯಾನೇಜರ್

ಲಾರಿ ಸ್ಟಾರ್ಟ್ ಆದರೆ ಕೆಲಸ ಹೋಗುತ್ತದೆ, ಆಗದಿದ್ದರೆ ಉಳಿಯುತ್ತದೆ. ಇಪ್ಪತ್ತೆರಡು ವರ್ಷ ಸ್ಟೀರಿಂಗ್ ಹಿಡಿದವನ ಪಾಲಿಗೆ ಇಂಥದೊಂದು ದಿನ ಬರುತ್ತದೆಂದು ಯಾರಾದರೂ ಹೇಳಿದ್ದರೆ ಡ್ರೈವರ್ ಬಿದ್ದು ಬಿದ್ದು ನಗುತ್ತಿದ್ದ. ಈಗ ಮೂರನೆಯ ಮೆಮೋ ಅಂಗಿಯ ಜೇಬಿನಲ್ಲಿತ್ತು. ನಗು ಮಾತ್ರ ಬರಲಿಲ್ಲ.

ಅದು ಆಸ್ಪತ್ರೆಗಳ ಬಟ್ಟೆ ಒಗೆಯುವ ಲಾಂಡ್ರಿ. ರಕ್ತದ ಕಲೆ, ಔಷಧದ ಕಲೆ ಹೊತ್ತ ಚಾದರಗಳು ಹಿಂಬಾಗಿಲಿಂದ ಬಂದು, ಕುದಿನೀರು ದಾಟಿ, ಇಸ್ತ್ರಿ ರೋಲರಿನಡಿ ನುಸುಳಿ, ಏನೂ ಆಗಿಯೇ ಇಲ್ಲವೆಂಬಂತೆ ಬೆಳ್ಳಗೆ ಮುಂಬಾಗಿಲಿಗೆ ಬರುತ್ತಿದ್ದವು. ಅಲ್ಲಿಂದ ಅವನ್ನು ಆಸ್ಪತ್ರೆಗಳಿಗೆ ಮುಟ್ಟಿಸುವುದು ಒಂದೇ ಒಂದು ಮುದಿ ಲಾರಿ. ಅಂಗಳದ ಗೋಡೆಯ ಮೇಲೆ ಮೊಳದುದ್ದದ ಕೆಂಪಕ್ಷರದಲ್ಲಿ ಬರೆದಿತ್ತು: ‘ತಮ್ಮ ಜಾಗ ಬಿಟ್ಟು ಕದಲಿದವರ ಮೇಲೆ ಕ್ರಮ ಜರುಗಿಸಲಾಗುವುದು’. ಬರೆಸಿದವರು ಮ್ಯಾನೇಜರ್ ಸಾಹೇಬರು. ಲಾಂಡ್ರಿಯಲ್ಲಿ ಎಲ್ಲೆಂದರಲ್ಲಿ ಓಡಾಡುವ ಸ್ವಾತಂತ್ರ್ಯ ಇದ್ದದ್ದೂ ಅವರೊಬ್ಬರಿಗೇ.

ಲಾರಿ ಕೈಕೊಡಲು ಶುರುಮಾಡಿ ಎಂಟು ತಿಂಗಳಾಗಿತ್ತು. ಕೀ ತಿರುಗಿಸಿದರೆ ಒಮ್ಮೆ ಗುರ್ರೆಂದು ಏಳುತ್ತಿತ್ತು. ಇನ್ನೊಮ್ಮೆ ‘ಟಿಕ್’ ಎಂದು ಒಂದು ಸದ್ದು, ಎದುರಿನ ಕೆಂಪು ದೀಪ ಮಂಕಾಗಿ ಆರಿದರೆ ಮುಗಿಯಿತು. ಬಿಸಿಲಿಗೆ ಹೀಗೆ ಅನ್ನುವ ಹಾಗಿಲ್ಲ, ಚಳಿಗೆ ಹೀಗೆ ಅನ್ನುವ ಹಾಗಿಲ್ಲ. ಡ್ರೈವರ್ ಫ್ಯೂಸ್ ಬದಲಿಸಿದ, ಸೆಲ್ಫ್ ಮೋಟರಿನ ತಂತಿಗಳನ್ನು ಉಜ್ಜಿದ, ಅದರ ತಲೆಗೆ ಸ್ಪ್ಯಾನರಿನಿಂದ ಎರಡು ಬಾರಿಸಿಯೂ ನೋಡಿದ. ನೋಡದೆ ಉಳಿದದ್ದು ಬ್ಯಾಟರಿ ಪೆಟ್ಟಿಗೆ ಒಂದೇ. ಅದು ಡ್ರೈವರ್ ಬಾಗಿಲಿನ ಕೆಳಗಿತ್ತು. ಅದರ ಮುಚ್ಚಳದ ದಪ್ಪ ಹಲಗೆಯೇ ಒಳಗೆ ಹತ್ತುವ ಮೆಟ್ಟಿಲು. ಕೆಲಸಗಾರರೆಂದ ಮೇಲೆ ಬ್ಯಾಟರಿ ಕದಿಯದೆ ಬಿಡುತ್ತಾರೆಯೇ ಎಂಬ ದೂರದೃಷ್ಟಿಯಿಂದ ಸಾಹೇಬರು ಅದಕ್ಕೆ ಬೀಗ ಜಡಿಸಿ, ಬೀಗದ ಕೈಯನ್ನು ತಮ್ಮ ಮೇಜಿನೊಳಗೆ ಇಟ್ಟುಕೊಂಡಿದ್ದರು. ಪೆಟ್ಟಿಗೆ ತೆರೆಸಿ ಎಂದು ಡ್ರೈವರ್ ಏಳು ಅರ್ಜಿ ಬರೆದ. ಏಳಕ್ಕೂ ಸೇರಿಸಿ ಉತ್ತರವೆಂಬಂತೆ ಬಂದದ್ದು ಮೊದಲ ಮೆಮೋ.

ದೂರು ಹೇಳಿದಾಗಲೆಲ್ಲ ಸಾಹೇಬರು ಖುದ್ದಾಗಿ ಬರುತ್ತಿದ್ದರು, ಅದನ್ನು ಅಲ್ಲಗಳೆಯುವಂತಿಲ್ಲ. ಹಲಗೆಯ ಮೇಲೆ ಹತ್ತಿ, ಹೊಟ್ಟೆಯನ್ನು ಬಾಗಿಲಿಗಾನಿಸಿ, ಕಿಟಕಿಯೊಳಗೆ ತಲೆ ತೂರಿಸಿ, ಡ್ರೈವರನ ಬೆರಳುಗಳ ಮೇಲೆ ಕಣ್ಣು ನೆಟ್ಟು, “ಹೂಂ, ತಿರುಗ್ಸು” ಎನ್ನುತ್ತಿದ್ದರು. ಗುರ್! ಒಂದೇ ಏಟಿಗೆ.

“ನೋಡಯ್ಯ, ನಾನು ಬಂದ್ರೆ ಗಾಡಿಗೂ ಭಯ. ನಿನಗೆ ಮಾತ್ರ ಇಲ್ಲ.”

ಹೊರಗಿನಿಂದ ಬಂದ ಮೆಕ್ಯಾನಿಕ್ಕೂ ಅದೇ ಹಲಗೆಯ ಮೇಲೆ ನಿಂತು, ಹತ್ತು ಸಲ ಸೆಲ್ಫ್ ಹೊಡೆಸಿ, ಹತ್ತು ಸಲವೂ ಗುರ್ ಎನ್ನಿಸಿಕೊಂಡು ‘ದೋಷವಿಲ್ಲ’ ಎಂದು ಬರೆದುಕೊಟ್ಟು ಹೋದ. ದೋಷ ಯಂತ್ರದಲ್ಲಿಲ್ಲ ಎಂದಮೇಲೆ ಅದು ಮನುಷ್ಯನಲ್ಲೇ ಇರಬೇಕಲ್ಲ! ಡ್ರೈವರ್ ಬೇಕೆಂದೇ ಗಾಡಿ ನಿಲ್ಲಿಸುತ್ತಿದ್ದಾನೆ ಎಂದು ಎರಡನೆಯ ಮೆಮೋ ಬಂತು. ಶನಿವಾರ ಹತ್ತು ಗಂಟೆಗೆ ಎಲ್ಲರ ಎದುರು ಕೊನೆಯ ತಪಾಸಣೆ, ಗಾಡಿ ಸ್ಟಾರ್ಟ್ ಆದರೆ ವಜಾ ಎಂದು ಮೂರನೆಯದು.

ಶುಕ್ರವಾರ ಮಧ್ಯಾಹ್ನ, ಊಟದ ಬಿಡುವು. ಹೆಂಡತಿಗೂ ಹೇಳದ ಸಂಕಟವನ್ನು ನುಂಗಿಕೊಂಡು ಡ್ರೈವರ್ ಸೀಟಿನಲ್ಲಿ ಕುಳಿತು ಕೀ ತಿರುಗಿಸುತ್ತಿದ್ದ. ಟಿಕ್. ಟಿಕ್. ಇಸ್ತ್ರಿ ರೋಲರಿನಲ್ಲಿ ಹದಿನಾರು ವರ್ಷ ಬೆಂದ ಅವನ ಅಕ್ಕ ಡಬ್ಬಿ ಹಿಡಿದುಕೊಂಡು ಬಂದಳು.

“ಏನೋ, ಊಟ ಮಾಡು ಅಂತ ನಿನಗೊಂದು ಮೆಮೋ ಕೊಡ್ಬೇಕಾ?” ಎನ್ನುತ್ತ ಹಲಗೆ ಹತ್ತಿ ಕಿಟಕಿಯಲ್ಲಿ ಡಬ್ಬಿ ಚಾಚಿದಳು.

ಗುರ್!

ಡ್ರೈವರ್ ಎಂಜಿನ್ ಆರಿಸಿದ. “ಅಕ್ಕ, ಇಳಿ.”

“ಯಾಕೆ?”

“ಇಳಿಯೇ, ಹೇಳ್ತೀನಿ.” ಟಿಕ್. “ಈಗ ಹತ್ತು.” ಗುರ್. “ಇಳಿ.” ಟಿಕ್.

“ನನ್ನನ್ನೇನು ಕೋತಿ ಮಾಡಿದೀಯಾ?” ಎಂದವಳು ನಡುವೆಯೇ ಮಾತು ನಿಲ್ಲಿಸಿದಳು. “ತಡಿಯೋ. ನಮ್ಮ ಮೂರನೇ ರೋಲರಿನ ಪ್ಲಗ್ಗೂ ಹೀಗೇ. ಅದುಮಿ ಹಿಡ್ಕೊಂಡ್ರೆ ಮಾತ್ರ ಬಿಸಿ ಆಗತ್ತೆ.”

ಇಬ್ಬರೂ ಮಂಡಿಯೂರಿ ಪೆಟ್ಟಿಗೆಯ ಸಂದಿಯಲ್ಲಿ ಟಾರ್ಚ್ ಬಿಟ್ಟು ನೋಡಿದರು. ಬ್ಯಾಟರಿಯ ಗುಬುಟಿಗೆ ತಂತಿಯನ್ನು ಬಿಗಿದು ಹಿಡಿಯಬೇಕಾದ ಲೋಹದ ಹಿಡಿಕೆ, ಅಂದರೆ ಟರ್ಮಿನಲ್, ಸೀಳಿ, ಸಡಿಲವಾಗಿ ನೇತಾಡುತ್ತಿತ್ತು. ಮುಚ್ಚಳದ ಮೇಲೆ ಯಾರಾದರೂ ನಿಂತರೆ ಹಲಗೆ ಬಾಗಿ ಅದನ್ನು ಒತ್ತುತ್ತಿತ್ತು. ಆಗ ಕರೆಂಟ್ ಹರಿಯುತ್ತಿತ್ತು. ಡ್ರೈವರ್ ಒಬ್ಬನೇ ಹತ್ತಿ ಸೀಟಿನಲ್ಲಿ ಕುಳಿತ ಮೇಲೆ ಹಲಗೆ ಖಾಲಿ. ಲಾರಿಯ ಕುಲುಕಾಟಕ್ಕೆ ತಂತಿ ತಾನಾಗಿ ಕೂಡಿಕೊಂಡಿದ್ದರೆ ಅದೃಷ್ಟ, ಇಲ್ಲವಾದರೆ ಮೆಮೋ.

ಡ್ರೈವರನಿಗೆ ಅಳುವಂತಾಯಿತು. “ಸಂದಿಯಿಂದ ಒಂದು ರಬ್ಬರ್ ತುಂಡು ತುರುಕಿದ್ರೆ ಸಾಕು. ಎರಡು ನಿಮಿಷದ ಕೆಲಸ.”

ಅಕ್ಕ ಅವನ ಮಣಿಕಟ್ಟು ಹಿಡಿದಳು. “ಮುಟ್ಟಬೇಡ. ಇವತ್ತು ನೀನು ಸರಿಮಾಡಿದ್ರೆ, ಇಷ್ಟು ದಿನ ಕೆಡಿಸಿದ್ದೂ ನೀನೇ ಅಂತಾರೆ. ನಾಳೆ ಅದು ಕೆಟ್ಟೇ ಇರ್ಬೇಕು.”

“ಸಾಹೇಬ್ರು ಬಂದ ತಕ್ಷಣ ಹಲಗೆ ಹತ್ತುತಾರಲ್ಲೇ!”

“ಇಳಿಸು.”

“ನಾನಾ?”

“ಮತ್ತೆ ನಮ್ಮಪ್ಪ ಎದ್ದು ಬರ್ತಾರಾ?”

ಶನಿವಾರ ಸಾಹೇಬರ ಅಪ್ಪಣೆಯಂತೆ ಎಲ್ಲರೂ ಅಂಗಳದಲ್ಲಿ ಸೇರಿದರು. ರೋಲರಿನ ಹೆಂಗಸರು ಬೆವರು ಒರೆಸಿಕೊಳ್ಳುತ್ತ ಒಂದು ಕಡೆ, ಗೇಟಿನ ಕಾವಲುಗಾರ ಇನ್ನೊಂದು ಕಡೆ. ಸಾಹೇಬರು ಬಂದವರೇ ಹಲಗೆ ಹತ್ತಿ, ತಲೆ ತೂರಿಸಿ, “ಹೂಂ, ತಿರುಗ್ಸು” ಎಂದರು.

ಇಪ್ಪತ್ತೆರಡು ವರ್ಷದಲ್ಲಿ ಡ್ರೈವರ್ ಮೇಲಿನವರಿಗೆ ಹೇಳಿದ್ದ ಒಂದೇ ಮಾತು ‘ಆಯ್ತು ಸಾರ್’. ಅವನು ಕೀಯನ್ನು ಹೊರಗೆಳೆದು ಅಂಗೈಯಲ್ಲಿಟ್ಟು ಚಾಚಿದ.

“ನಾನು ಮುಟ್ಟಲ್ಲ ಸಾರ್. ನೀವೇ ಸೀಟಲ್ಲಿ ಕೂತು ತಿರುಗ್ಸಿ. ನನ್ನ ಕೈಚಳಕ ಇದೆಯೋ ಇಲ್ವೋ ಎಲ್ರಿಗೂ ಗೊತ್ತಾಗ್ಲಿ.”

ಸಾಹೇಬರಿಗೆ ಇದು ಹಿಡಿಸಿತು. ಡ್ರೈವರನನ್ನು ಆಚೆ ಬಾಗಿಲಿಂದ ಇಳಿಸಿ, ತಾವು ಸಿಂಹಾಸನವೇರಿದಂತೆ ಸೀಟಿನಲ್ಲಿ ಕುಳಿತು ಕೀ ತಿರುಗಿಸಿದರು.

ಟಿಕ್.

ಮತ್ತೆ ತಿರುಗಿಸಿದರು. ಟಿಕ್. ಕೆಂಪು ದೀಪ ಆರಿತು, ಸಾಹೇಬರ ಮುಖ ಕೆಂಪಾಯಿತು.

“ಭಯ ಹೋಗಿರ್ಬೇಕು ಸಾರ್,” ಎಂದಳು ಹೆಂಗಸರಲ್ಲೊಬ್ಬಳು. ಅಕ್ಕ ಹಲಗೆ ಹತ್ತಿ ನಿಂತಳು. “ಈಗ ತಿರುಗ್ಸಿ.” ಗುರ್! ಆರಿಸಿ ಎಂದಳು, ಇಳಿದಳು. ಟಿಕ್. ಅಂಗಳದ ನಗು ಉಗಿ ಪೈಪು ಒಡೆದಂತೆ ಚಿಮ್ಮಿತು.

ಬೀಗದ ಕೈ ಬಂತು, ಪೆಟ್ಟಿಗೆ ತೆರೆಯಿತು, ಸೀಳಿದ ಟರ್ಮಿನಲ್ಲನ್ನು ಎಲ್ಲರೂ ಇಣುಕಿ ನೋಡಿದರು. ಮೂರು ಮೆಮೋಗಳನ್ನೂ ಹಿಂದಕ್ಕೆ ಪಡೆದದ್ದಾಗಿ ಸಾಹೇಬರು ಗೊಣಗಿದರು. “ಹೊಸ ಟರ್ಮಿನಲ್‌ಗೆ ಹೆಡ್ಡಾಫೀಸಿಗೆ ಬರೀತೀನಿ. ಆರು ವಾರ ಆಗತ್ತೆ. ಅಲ್ಲೀತನಕ ಮುಟ್ಟೋ ಹಾಗಿಲ್ಲ. ಸ್ಟಾರ್ಟ್ ಮಾಡುವಾಗ ಯಾರಾದ್ರೂ ಹತ್ತಿ ನಿಂತ್ಕೊಳ್ಳಿ.”

“ಯಾರು ಸಾರ್?” ಅಕ್ಕ ಗೋಡೆಯತ್ತ ಕೈ ತೋರಿಸಿದಳು. “ಜಾಗ ಬಿಟ್ಟು ಕದಲಿದ್ರೆ ನಮ್ಮ ಮೇಲೆ ಕ್ರಮ. ಕಾವಲುಗಾರ ಗೇಟ್ ಬಿಟ್ರೆ ಅವನ ಮೇಲೂ ಕ್ರಮ.”

“ಹಾಗಾದ್ರೆ ಒಂದು ಕಲ್ಲಿಡಿ.”

“ಕಲ್ಲು ರಸ್ತೆಯಲ್ಲಿ ಜಾರಿ ಯಾರದಾದ್ರೂ ಕಾಲ ಮೇಲೆ ಬಿದ್ರೆ, ಆ ಮೆಮೋ ಯಾರಿಗೆ?” ಅವಳು ಲಾರಿಯ ದಿನಚರಿ ಪುಸ್ತಕ ತೆರೆದು ಮುಂದೆ ಹಿಡಿದಳು. “ನೋಡಿದ್ದನ್ನ ಬರೀರಿ ಸಾರ್.”

ಸಾಹೇಬರು ಬರೆದರು: ‘ನನ್ನ ಸಮಕ್ಷಮದಲ್ಲಿ ವಾಹನ ಸ್ಟಾರ್ಟ್ ಆಯಿತು’.

“ಪೂರ್ತಿ ಬರೀರಿ. ಜಾಗ ಬಿಟ್ಟು ಓಡಾಡೋ ಹಕ್ಕಿರೋದು ನಿಮಗೊಬ್ರಿಗೇ.”

ಅಂಗಳ ಪೂರ್ತಿ ಕಾಯುತ್ತ ನಿಂತಿತ್ತು. ರೋಲರುಗಳು ಖಾಲಿ ತಿರುಗುತ್ತಿದ್ದವು. ಸಾಹೇಬರು ಹಲ್ಲು ಕಚ್ಚಿ ಸೇರಿಸಿದರು: ‘ಮೆಟ್ಟಿಲ ಮೇಲೆ ಒಬ್ಬರು ನಿಂತಾಗ ಮಾತ್ರ. ಆ ಹೊಣೆ ಮ್ಯಾನೇಜರದು’. ಸಹಿ ಹಾಕಿದರು.

ಸೋಮವಾರ ಬೆಳಿಗ್ಗೆ ಆರಕ್ಕೆ ಡ್ರೈವರ್ ಫೋನ್ ಮಾಡಿದ. “ಸಾರ್, ಬನ್ನಿ. ಆಸ್ಪತ್ರೆ ಕಾಯ್ತಿದೆ.” ಸಾಹೇಬರು ಪೈಜಾಮದಲ್ಲಿ ಬಂದು ಹಲಗೆಯ ಮೇಲೆ ನಿಂತರು. ಹನ್ನೊಂದಕ್ಕೆ ಮತ್ತೆ. ಊಟದ ಮಧ್ಯದಲ್ಲಿ ಮತ್ತೆ. ಮಂಗಳವಾರ ಐದು ಸಲ. ಆರು ವಾರ ಹಿಡಿಯಬೇಕಿದ್ದ ಟರ್ಮಿನಲ್ ಬುಧವಾರ ಮಧ್ಯಾಹ್ನಕ್ಕೇ ಬಂತು. ಅಂಗೈಗಿಂತ ಚಿಕ್ಕದು. ಡ್ರೈವರ್ ಕೂರಿಸಿ, ಬಿಗಿದು, ಒಬ್ಬನೇ ಹತ್ತಿ ತಿರುಗಿಸಿದ. ಗುರ್.

ಗುರುವಾರ ಬೆಳಿಗ್ಗೆ ಅವನು ಕೀ ಹಾಕುವಷ್ಟರಲ್ಲಿ, ಯಾರೂ ಕರೆಯದಿದ್ದರೂ, ಸಾಹೇಬರು ಅಭ್ಯಾಸಬಲದಿಂದ ಬಂದು ಹಲಗೆ ಹತ್ತಿ ತಲೆ ತೂರಿಸಿದರು. ಎಂಜಿನ್ ಎದ್ದಿತು.

“ನೋಡಿದ್ಯಾ? ನಾನು ಬಂದ್ರೆ ಗಾಡಿಗೂ ಭಯ.”

“ಹೌದು ಸಾರ್,” ಎಂದ ಡ್ರೈವರ್ ಗೇರು ಹಾಕುತ್ತ. “ಇಳೀರಿ. ಹೊರಡ್ಬೇಕು.”