ಹಾಲು-ತುಪ್ಪ ಎಲ್ಲಿ ಬಿಡೋದು?

ಶೆಟ್ಟಿಹಳ್ಳಿಯ ಮುನಿಯಲ್ಲಪ್ಪನವರ ಮನೆತನದಲ್ಲಿ ಯಾರೇ ತೀರಿಕೊಂಡರೂ ಸ್ವಂತ ಹೊಲದ ಮೂಲೆಯಲ್ಲಿ ಮಣ್ಣು ಮಾಡುವುದು ರೂಢಿ. ಮೂರನೆಯ ದಿನ ಆ ಗುಡ್ಡೆಯ ಮೇಲೆ ಹಾಲು-ತುಪ್ಪ ಬಿಟ್ಟು, ಸತ್ತವರಿಗೆ ಇಷ್ಟವಾದ ತಿಂಡಿ ಇಟ್ಟು ಬರುತ್ತಿದ್ದರು. ಆ ಹೊಲ ಬಡಾವಣೆಯಾಗಿ ಹದಿನೈದು ವರ್ಷ ಕಳೆಯಿತು. ಅಲ್ಲೀಗ ಮನೆಗಳಿವೆ, ಒಂದು ಬೇಕರಿಯಿದೆ. ಮುಂದೆ ಯಾರಾದರೂ ಹೋದರೆ ಏನು ಮಾಡುವುದು ಎಂದು ಮನೆಯಲ್ಲಿ ಯಾರೂ ಬಾಯಿ ಬಿಟ್ಟಿರಲಿಲ್ಲ. ಅಂಥ ಮಾತು ಆಡಬಾರದಲ್ಲ.

ಒಂದು ಬೆಳಿಗ್ಗೆ ಮುನಿಯಲ್ಲಪ್ಪನವರ ಹೆಂಡತಿ ಮುನಿಯಲ್ಲಮ್ಮ ನಿದ್ದೆಯಲ್ಲೇ ಹೋಗಿಬಿಟ್ಟರು. ಸೊಸೆ ಸರಳಾ ಕಾಫಿ ಹಿಡಿದು ಎಬ್ಬಿಸಲು ಹೋದಾಗ ಅತ್ತೆಯ ಕೈ ತಣ್ಣಗಿತ್ತು. ಹದಿನೆಂಟು ವರ್ಷ ಒಂದೇ ಒಲೆಯ ಮುಂದೆ ಜೊತೆಯಾಗಿ ನಿಂತ ಅತ್ತೆ. ಸರಳಾ ಸೆರಗಿನಿಂದ ಮುಖ ಒರೆಸಿಕೊಂಡು ನೆಂಟರಿಗೆ ಫೋನ್ ಮಾಡತೊಡಗಿದಳು.

ಎಂಟು ಗಂಟೆಗೆಲ್ಲ ಯಾರೋ ಒಬ್ಬ ಗೇಟಿನ ಹತ್ತಿರ ಬಂದು ನಿಂತ.

"ವ್ಯಾನು, ಪೂಜೆ, ಸುಡೋದು, ಎಲ್ಲಾ ನಮ್ದೇ ಸರ್. ಪೇಪರ್ ಗೀಪರ್ ಏನೂ ಬೇಡ. ಈಗ್ಲೇ ಎತ್ಬಿಡಣ."

ಸರಳಾಳ ಗಂಡ ರಘುನಾಥ್ ಆಗಲಿ ಎಂದು ತಲೆಯಾಡಿಸಿಬಿಟ್ಟ. ಅಷ್ಟರಲ್ಲಿ ಎದುರು ಮನೆಯ ರತ್ನಕ್ಕ ಬಂದರು. ಆಶಾ ಕಾರ್ಯಕರ್ತೆ, ಎರಡು ವರ್ಷದ ಹಿಂದೆ ಗಂಡನನ್ನು ಕಳೆದುಕೊಂಡವರು.

"ಯಾವ ಕರೆಂಟ್ ಚಿತಾಗಾರಕ್ಕೆ ಕರ್ಕೊಂಡೋಗ್ತೀರಾ?" ಎಂದು ಆತನನ್ನು ಕೇಳಿದರು.

"ಯಾವ್ದು ಖಾಲಿ ಇರುತ್ತೋ ಅಲ್ಲಿಗೆ ಅಕ್ಕ."

"ಎಷ್ಟೊತ್ತಿಗೆ?"

"ಹೋಗಿ ನೋಡಣ."

"ಬೂದಿ ಯಾರು ಕೊಡ್ತಾರೆ?"

ಆತ ಫೋನು ತೆಗೆದು ನೋಡಿಕೊಂಡ. ರಘುನಾಥನಿಗೆ ಇರುಸುಮುರುಸಾಯಿತು.

"ಬಿಡಕ್ಕ, ಅಮ್ಮನ್ನ ಎದುರಿಗೆ ಮಲಗಿಸ್ಕೊಂಡು ಚೌಕಾಸಿ ಮಾಡೋಕಾಗುತ್ತಾ?"

"ಚೌಕಾಸಿ ಅಲ್ಲ ಕಣಪ್ಪ. ಒಂದು ಸೀರೆ ತಗೊಳೋಕೆ ನಿಮ್ಮಮ್ಮ ಹತ್ತು ಸಲ ಮಡಿಕೆ ಬಿಚ್ಚಿ ನೋಡೋರು. ಅವ್ರನ್ನೇ ಕಳ್ಸೋವಾಗ ನಾವು ನಾಲ್ಕು ಮಾತು ಕೇಳ್ಬಾರ್ದಾ? ಮನೇಲಿ ತೀರ್ಕೊಂಡಿದ್ದಾರೆ. ಡಾಕ್ಟ್ರು ಬಂದು ನೋಡಿ, ಸಾವಿನ ಕಾರಣ ಬರ್ದು ಕೊಡ್ಬೇಕು. ಅದಿಲ್ದೆ ಹೋದ್ರೆ ಚಿತಾಗಾರದ ಬಾಗಿಲಲ್ಲೇ ನಿಲ್ಲಿಸ್ತಾರೆ. ನಾಳೆ ಮರಣ ಪತ್ರಕ್ಕೂ ಅಲೀಬೇಕು."

ಗೇಟಿನವನು ಮೆಲ್ಲಗೆ ಜಾಗ ಖಾಲಿ ಮಾಡಿದ. ಆಗ ಮುನಿಯಲ್ಲಪ್ಪ ಮೊದಲ ಸಲ ಬಾಯಿ ತೆರೆದರು.

"ನಾನು ಒಪ್ಪಲ್ಲ. ಆ ಕರೆಂಟ್ ಮಿಸನ್ನಲ್ಲಿ ಯಾರ ಬೂದಿ ಯಾರ್ದೋ. ನನ್ನೆಂಡ್ತಿಗೆ ಆಲು-ತುಪ್ಪ ಎಲ್ಲಿ ಬಿಡ್ಲಿ? ಬೇಕರಿ ಮುಂದೆ ಬಿಡ್ಲಾ?"

ಮಾವನ ಸಿಟ್ಟು ಮಿಷನ್ನಿನ ಮೇಲಲ್ಲ ಎಂದು ಸರಳಾಳಿಗೆ ಅರ್ಥವಾಯಿತು. ಐವತ್ತು ವರ್ಷ ಬಾಳಿದ ಹೆಂಡತಿ ಎಲ್ಲೋ ಕಳೆದುಹೋಗುತ್ತಾಳೆ ಎಂಬ ಭಯ ಅದು.

ರತ್ನಕ್ಕ ಅವರ ಪಕ್ಕದಲ್ಲೇ ನೆಲದ ಮೇಲೆ ಕೂತರು. "ನಮ್ಮೆಜಮಾನ್ರನ್ನೂ ಹಂಗೇ ಸುಟ್ಟಿದ್ದು ಮಾವ. ನಾನೂ ಇದೇ ಕೇಳಿದ್ದೆ. ಒಬ್ರದ್ದು ಆದ್ಮೇಲೆ ಬೂದಿ ತೆಗೆದು, ಗುಡಿಸಿ, ಆಮೇಲೇ ಇನ್ನೊಬ್ರನ್ನ ಇಟ್ರು. ಮಡಕೆಗೆ ಹೆಸರಿನ ಚೀಟಿ ಅಂಟ್ಸಿದ್ರು."

"ನೀ ಕಂಡ್ಯಾ?"

"ಕಂಡೆ. ನೀವೂ ನಿಂತ್ಕೊಂಡು ನೋಡ್ಬೌದಾ ಅಂತ ಈಗ್ಲೇ ಕೇಳಣ. ತಗೊಳ್ಳಿ, ನೀವೇ ಮಾತಾಡಿ."

ರತ್ನಕ್ಕ ಚಿತಾಗಾರಕ್ಕೆ ಹಚ್ಚಿಕೊಟ್ಟ ಫೋನನ್ನು ಮುನಿಯಲ್ಲಪ್ಪ ಕಿವಿಗಿಟ್ಟುಕೊಂಡು ಒಂದೊಂದಾಗಿ ಕೇಳಿದರು. ಆ ಕಡೆಯವರು ಬೇಸರಿಸದೆ ಹೇಳಿದರು. ಮಧ್ಯಾಹ್ನ ಎರಡು ಗಂಟೆಗೆ ಸಮಯ ನಿಗದಿಯಾಯಿತು. ಮುನಿಯಲ್ಲಮ್ಮನ ಬಿಪಿ ನೋಡುತ್ತಿದ್ದ ಡಾಕ್ಟರು ಮನೆಗೇ ಬಂದು, ನೋಡಿ, ಕಾಗದ ಬರೆದುಕೊಟ್ಟರು. ಅತ್ತೆಯ ಆಧಾರ್ ಕಾರ್ಡನ್ನೂ ರಘುನಾಥನದನ್ನೂ ಸರಳಾ ಒಂದು ಕವರಿನಲ್ಲಿ ಹಾಕಿಟ್ಟಳು.

ಹೆಣ ಹೊತ್ತು ಹೋಗುವಾಗ ದಾರಿಯಲ್ಲಿ ಒಮ್ಮೆ ಇಳಿಸಿ, ದಿಕ್ಕು ತಿರುಗಿಸಿ ಮತ್ತೆ ಎತ್ತುವುದು ಅವರ ಕಡೆಯ ಪದ್ಧತಿ. ವ್ಯಾನಾದರೆ ಅದಕ್ಕೆಲ್ಲಿ ಅವಕಾಶ ಎಂದು ಸರಳಾ ಆ ಆಸೆ ಬಿಟ್ಟಿದ್ದಳು. ಆದರೆ ರತ್ನಕ್ಕ ವ್ಯಾನು ಗೊತ್ತು ಮಾಡುವಾಗಲೇ ಅದನ್ನೂ ಹೇಳಿದ್ದರು. ಡ್ರೈವರ್ ನದೀಮ್ ಬೇಕರಿ ಹತ್ತಿರ ವ್ಯಾನು ನಿಲ್ಲಿಸಿ, ಹಿಂದಿನ ಬಾಗಿಲು ತೆಗೆದ.

"ತಾತ, ನಿಮ್ಮ ಹೊಲ ಇಲ್ಲೇ ಅಲ್ವಾ? ನಿಧಾನಕ್ಕೆ ಮಾಡಿ. ಟೈಮಿದೆ."

ಬೇಕರಿಯವನು ಶಟರ್ ಅರ್ಧ ಎಳೆದು ಹೊರಗೆ ಬಂದು ನಿಂತ. ಮಗ, ನೆಂಟರ ಜೊತೆ ಮುನಿಯಲ್ಲಪ್ಪ ಆ ಮಣ್ಣಿನ ಮೇಲೆ ಹೆಂಡತಿಯನ್ನು ಇಳಿಸಿದರು, ದಿಕ್ಕು ತಿರುಗಿಸಿ ಎತ್ತಿದರು. ಸರಳಾ ಅಲ್ಲಿ ಮನಸಾರೆ ಅತ್ತಳು.

ಎರಡು ಗಂಟೆಗೆ ಚಿತಾಗಾರದಲ್ಲಿ ಮುನಿಯಲ್ಲಪ್ಪ ನಿಂತು ನೋಡುತ್ತಿದ್ದಂತೆ ಸಂಸ್ಕಾರವಾಯಿತು. ಮೂರನೆಯ ದಿನ ಬೂದಿಯ ಮಡಕೆ ಕೈಗೆ ಬಂತು. ಚೀಟಿಯ ಮೇಲಿದ್ದ ಹೆಸರನ್ನು ಮುನಿಯಲ್ಲಪ್ಪ ಅಕ್ಷರ ಕೂಡಿಸಿ ಓದಿದರು. ಚಿತಾಗಾರದ ಹಿಂದೆ, ಹೊಂಗೆ ಮರದ ಕೆಳಗೆ ಮಡಕೆ ಇಟ್ಟು ಹಾಲು-ತುಪ್ಪ ಬಿಟ್ಟರು. ಸರಳಾ ಅತ್ತೆಗೆ ಇಷ್ಟವಾದ ಕೋಡುಬಳೆ ಇಟ್ಟಳು. ಹೊರಡುವಾಗ ಮುನಿಯಲ್ಲಪ್ಪ ಅಲ್ಲಿನ ಕೆಲಸಗಾರರಿಗೆ ಕೈ ಮುಗಿದರು.

"ನನ್ನೆಂಡ್ತೀನ ಕಳೀಲಿಲ್ಲ ನೀವು. ದೇವ್ರು ನಿಮ್ಮನ್ನ ಚೆನ್ನಾಗಿಟ್ಟಿರ್ಲಿ."

ಅಸ್ಥಿ ಬಿಡಲು ಶ್ರೀರಂಗಪಟ್ಟಣದ ಕಡೆ ಹೊರಟಾಗ ಕಾರಿನಲ್ಲಿ ಸೊಸೆಗೆ ಹೇಳಿದರು: "ನನಗೂ ಇಂಗೇ ಮಾಡ್ರವ್ವ. ಎಲ್ಲಾ ಬರ್ದು ಮಡಿಕೊ."

ಬೇರೆ ದಿನವಾಗಿದ್ದರೆ ಸರಳಾ "ಬಿಡ್ತು ಅನ್ನಿ" ಎಂದು ಬಾಯಿ ಮುಚ್ಚಿಸುತ್ತಿದ್ದಳು. ಅವತ್ತು "ಆಯ್ತು ಮಾವ" ಅಂದಳು. ಮನೆಗೆ ಬಂದು ಬರೆದೂ ಇಟ್ಟಳು.

ಅಕ್ಕಂದಿರೇ, ಅಣ್ಣಂದಿರೇ, ನಿಮ್ಮ ಮನೆಯಲ್ಲೂ ಹಿರಿಯರಿದ್ದಾರೆ. ಅವರ ಮನಸ್ಸಿನಲ್ಲಿ ಏನಿದೆ ಎಂದು ಒಂದು ಸಂಜೆ ಪಕ್ಕದಲ್ಲಿ ಕೂತು ಕೇಳಿ. ಸಾವಾದಾಗ ಬಾಗಿಲಿಗೆ ಮೊದಲು ಬಂದವರ ಕೈಗೆ ಎಲ್ಲವನ್ನೂ ಒಪ್ಪಿಸಬೇಡಿ. ಡಾಕ್ಟರ ಕಾಗದ ಮಾಡಿಸಿ. ಎಲ್ಲಿಗೆ, ಎಷ್ಟು ಹೊತ್ತಿಗೆ, ಖರ್ಚೆಷ್ಟು, ಬೂದಿ ಹೇಗೆ ಕೊಡುತ್ತಾರೆ ಎಂದು ಕೇಳಿ, ರಸೀದಿ ಪಡೆಯಿರಿ. ಇಪ್ಪತ್ತೊಂದು ದಿನದೊಳಗೆ ಮರಣ ನೋಂದಣಿ ಮಾಡಿಸಿ. ನಮ್ಮನ್ನು ಸಾಕಿದವರಿಗಾಗಿ ಕೇಳುವ ಮಾತುಗಳು ಇವು. ಕೇಳಲು ಸಂಕೋಚ ಪಡಬೇಡಿ.